ಚಳಿಗಾಲದ ಬೆಳಕು ಮತ್ತು ಬೇಡ ಅಂದವರು

ಕೊಡಗು ಅಂದರೆ ಎಲ್ಲರಿಗೂ ಮಳೆ ನೆನಪಾಗುತ್ತದೆ. ಇಲ್ಲಿಗೆ ಬರುವವರು ಮಂಜು ಎಲ್ಲಿ, ಜಲಪಾತ ಎಲ್ಲಿ ಅಂತಲೇ ಕೇಳುತ್ತಾರೆ. ಚಿತ್ರ ಬಿಡಿಸುವ ನನಗೆ ವರ್ಷ ಶುರುವಾಗುವುದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ. ಆಗ ನಮ್ಮ ಮಾದಾಪುರದ ಕಡೆಯ ಗುಡ್ಡಗಳಿಗೆ ನೆರಳು ಬರುತ್ತದೆ. ಕಾಗದ ಒಣಗುತ್ತದೆ. ಬೆಳಿಗ್ಗೆ ಬೋರ್ಡು, ಬಣ್ಣದ ಡಬ್ಬಿ, ನೀರಿನ ಬಾಟಲಿ ಹಿಡಿದು ಹೊರಟರೆ ದಾರಿಯಲ್ಲಿ ಮಳೆ ಹಿಡಿದೀತು ಅನ್ನುವ ಭಯ ಇರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ಈ ಬೆಳಕು ಇರುತ್ತದೆ. ನನ್ನ ವರ್ಷದ ಮುಖ್ಯ ಕೆಲಸವೆಲ್ಲ ಅಷ್ಟರೊಳಗೆ ಆಗಬೇಕು.

ಪ್ರದರ್ಶನಕ್ಕೆ ನಿಮ್ಮ ಚಿತ್ರ ಬೇಡ ಅನ್ನುವ ಉತ್ತರಗಳು ಬರುವುದೂ ಇದೇ ತಿಂಗಳುಗಳಲ್ಲಿ. ನಗರಗಳಲ್ಲಿ ಪ್ರದರ್ಶನಗಳು ಜಾಸ್ತಿ ನಡೆಯುವುದು ನವೆಂಬರಿನಿಂದ ಮಾರ್ಚಿನ ತನಕ. ನಾವು ಮಳೆಗಾಲದಲ್ಲಿ ಅರ್ಜಿ ಹಾಕಿರುತ್ತೇವೆ, ಉತ್ತರ ಚಳಿಗಾಲದಲ್ಲಿ ಬರುತ್ತದೆ. ಹಾಗಾಗಿ ವರ್ಷದಲ್ಲೇ ಒಳ್ಳೆಯ ಬೆಳಕು ಇರುವ ಬೆಳಿಗ್ಗೆ ಫೋನಿನಲ್ಲಿ ಆ ನಾಲ್ಕು ಸಾಲು ಕಾಣಿಸುತ್ತವೆ. ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೇಜಾರು ಎರಡು ದಿನಕ್ಕೆ ಇಳಿಯುತ್ತದೆ. ನನ್ನನ್ನು ಕೊರೆಯುವುದು ಇನ್ನೊಂದು. ಆ ಉತ್ತರ ಬಂದ ಮೇಲೆ ಗುಡ್ಡ ನೋಡುವಾಗ ನನ್ನ ಜೊತೆ ಇನ್ನೊಬ್ಬರೂ ನೋಡುತ್ತಿರುತ್ತಾರೆ. ಈ ನೀಲಿ ಅವರಿಗೆ ಸಾಕಾ, ಈ ಮರ ಅವರಿಗೆ ಬೇಕಾ ಅಂತ ಕುಂಚ ಅದ್ದುವ ಮೊದಲೇ ಲೆಕ್ಕ ಶುರುವಾಗುತ್ತದೆ. ಬೆಳಿಗ್ಗೆ ನನಗೆ ಬೇಕಾದ ಬೆಳಕು ಇರುವುದೇ ಅರ್ಧ ಗಂಟೆ. ಅದರಲ್ಲಿ ಅವರಿಗೂ ಪಾಲು ಕೊಟ್ಟರೆ ನನಗೇನು ಉಳಿಯಿತು? ಇದರ ಬಗ್ಗೆಯೇ ಈ ಚಳಿಗಾಲದಲ್ಲಿ ಜಾಸ್ತಿ ಯೋಚಿಸಿದ್ದೇನೆ.

ಮಂಜು ಕೆಳಗಿರುವ ಕಾಲ

ಮಳೆಗಾಲದ ಮಂಜು ಅಂದರೆ ಮೋಡವೇ. ಸಮುದ್ರದ ಕಡೆಯಿಂದ ಬಂದ ಮೋಡ ಗುಡ್ಡಕ್ಕೆ ತಾಗಿ, ನಮ್ಮ ಅಂಗಳದಲ್ಲೇ ಹಾದು ಹೋಗುತ್ತದೆ. ನಾವು ಅದರ ಒಳಗಿರುತ್ತೇವೆ. ಚಳಿಗಾಲದ ಮಂಜು ಹುಟ್ಟುವ ರೀತಿಯೇ ಬೇರೆ. ರಾತ್ರಿ ಆಕಾಶದಲ್ಲಿ ಮೋಡ ಇಲ್ಲದಿದ್ದರೆ ನೆಲದ ಬಿಸಿ ಬೇಗ ಹೊರಟು ಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಕೆಳಗಿಳಿದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಹೊಳೆಯ ತೇವ ಇರುತ್ತದೆ, ಮಂಜು ಕಟ್ಟುತ್ತದೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ರಸ್ತೆಯ ತಿರುವಿನಲ್ಲಿ ನಿಂತರೆ ನಾವು ಬಿಸಿಲಿನಲ್ಲಿ, ಮಂಜು ಕಾಲ ಕೆಳಗೆ. ಒಂಬತ್ತು, ಒಂಬತ್ತೂವರೆ ಹೊತ್ತಿಗೆ ನೆಲ ಬಿಸಿಯಾಗಿ ಅದು ಕರಗಲು ಶುರುವಾಗುತ್ತದೆ. ಮೊದಲು ಸಿಲ್ವರ್ ಓಕ್ ಮರಗಳ ತುದಿ, ಆಮೇಲೆ ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೊನೆಗೆ ಕಾಫಿ ಗಿಡ. ಈ ಕ್ರಮದಲ್ಲೇ ತೋಟ ಕಾಣಿಸಿಕೊಳ್ಳುವುದು.

ಸೂರ್ಯನ ದಾರಿಯೂ ಈ ಕಾಲದಲ್ಲಿ ನಮಗೆ ಅನುಕೂಲ. ಮಡಿಕೇರಿ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮರದ ನೆರಳು ಬುಡದಲ್ಲೇ ಬಿದ್ದಿರುತ್ತದೆ, ಗುಡ್ಡ ಚಪ್ಪಟೆಯಾಗಿ ಕಾಣುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅದೇ ಸೂರ್ಯ ನಡು ಮಧ್ಯಾಹ್ನದಲ್ಲೂ 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಇಡೀ ದಿನ ಬೆಳಕು ದಕ್ಷಿಣದಿಂದ ಓರೆಯಾಗಿ ಬರುತ್ತದೆ. ಗುಡ್ಡದ ಪ್ರತಿ ಮಡಿಕೆಗೂ ಒಂದು ಬಿಸಿಲ ಬದಿ, ಒಂದು ನೆರಳ ಬದಿ. ಆ ನೆರಳಿಗೆ ಬೆಳಕು ಕೊಡುವುದು ಆಕಾಶ ಮಾತ್ರ, ಆದ್ದರಿಂದ ಅದು ನೀಲಿ. ಕಪ್ಪು ಬಣ್ಣ ಹಾಕಿದರೆ ಅಲ್ಲಿ ಚಳಿಗಾಲ ಇರುವುದಿಲ್ಲ. ನಾನು ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬೆರೆಸುತ್ತೇನೆ. ಬೂದು ಬರುತ್ತದೆ, ಆದರೆ ಒಳಗೆ ನೀಲಿ ಉಳಿದಿರುತ್ತದೆ.

ಚಿತ್ರಗಾರರಿಗೆ ಉತ್ತರದ ಕಿಟಕಿ ಒಳ್ಳೆಯದು ಅಂತ ಯುರೋಪಿನವರು ಹೇಳಿಟ್ಟ ಮಾತು ಎಲ್ಲ ಕಡೆ ಓಡಾಡುತ್ತದೆ. ಅಲ್ಲಿ ಅದು ಸರಿ. ನಮ್ಮಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರಿನ ತನಕ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಲ್ಲೂ ಬಿಸಿಲು ನುಗ್ಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಒಂದು ಕಿರಣವೂ ನೇರ ಬರುವುದಿಲ್ಲ. ಮಂಜು ಕರಗಿದ ಮೇಲೆ ಮನೆಗೆ ಬಂದು ಆ ಕಿಟಕಿಯ ಹತ್ತಿರ ಕೂತರೆ ಬಣ್ಣ ಅಲುಗಾಡುವುದಿಲ್ಲ. ಬೆಳಿಗ್ಗೆ ಹಾಕಿದ್ದು ಸರಿಯಾ, ಇಲ್ಲವಾ ಅಂತ ಅಲ್ಲಿ ತಿಳಿಯುತ್ತದೆ.

ಕಾಗದದ ಕಷ್ಟ ಮಳೆನಾಡಿನವರಿಗೆ ಗೊತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಹತ್ತಿಯಿಂದ ಮಾಡಿದ ದಪ್ಪ ಕಾಗದ ದುಬಾರಿ, ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿಯುತ್ತದೆ. ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿ ಕಾಗದ ಕಾಪಾಡುತ್ತೇನೆ. ಜುಲೈನಲ್ಲಿ ಒಂದು ಪದರ ಬಣ್ಣ ಹಾಕಿದರೆ ಒಣಗಲು ಅರ್ಧ ದಿನ ಕಾಯಬೇಕು. ಜನವರಿಯ ಬಿಸಿಲಿಗೆ ಕೆಲವೇ ನಿಮಿಷ ಸಾಕು.

ಉಳಿದ ಹೊತ್ತು

ಈ ಅರ್ಧ ಗಂಟೆಯ ಸುತ್ತ ಇಡೀ ದಿನ ಇರುತ್ತದೆ. ಜನವರಿ ಅಂದರೆ ನಮ್ಮ ಮನೆಯಲ್ಲಿ ಕಾಫಿ ಕೊಯ್ಲು. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಶುರುವಾಗುತ್ತದೆ. ಕಣದಲ್ಲಿ ಹರಡಿದ ಹಣ್ಣನ್ನು ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಅಕಾಲ ಮಳೆ ಬಂದರೆ ಇಡೀ ಮನೆ ಕಣಕ್ಕೆ ಓಡುತ್ತದೆ. ವಾರದಲ್ಲಿ ಎರಡು ಮೂರು ದಿನ ಶಾಲೆಯಲ್ಲಿ ಡ್ರಾಯಿಂಗ್ ಪಾಠ. ಅದಲ್ಲದೆ ಹೋಂಸ್ಟೇ ಗೋಡೆಗಳು. ಆನೆ, ಹುಲಿ, ಕೊಡವರ ಉಡುಪು ಕುಪ್ಯಚೇಲೆ ತೊಟ್ಟ ಗಂಡ, ಕೊಡವ ಸೀರೆ ಉಟ್ಟ ಹೆಂಡತಿ, ಕೆಂಪು ಕಾಫಿ ಹಣ್ಣಿನ ಗೊಂಚಲು. ತೀರಿಕೊಂಡ ಹಿರಿಯರ ಹಳೇ ಫೋಟೋ ಕೊಟ್ಟು ದೊಡ್ಡದಾಗಿ ಬಿಡಿಸಿಕೊಡಿ ಅಂತ ಬರುವವರೂ ಇದ್ದಾರೆ. ಈ ಕೆಲಸಗಳನ್ನು ನಾನು ಕೀಳಾಗಿ ನೋಡುವುದಿಲ್ಲ. ಒಬ್ಬರ ತಾಯಿಯ ಮುಖದಲ್ಲಿ ಮೂಗುಬೊಟ್ಟು ಯಾವ ಬದಿಗಿತ್ತು ಅಂತ ಕೇಳಿ ತಿಳಿದು ಬಿಡಿಸುವುದು ಸಣ್ಣ ಜವಾಬ್ದಾರಿ ಅಲ್ಲ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುವ ಚಿತ್ರಸಂತೆ ಇದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳು. ಅಲ್ಲಿ ಕಾಲೇಜಿನ ಹುಡುಗರು, ಮಗುವನ್ನು ಎತ್ತಿಕೊಂಡ ಅಪ್ಪಂದಿರು ನಿಂತು ನೋಡುತ್ತಾರೆ, ರೇಟು ಕೇಳುತ್ತಾರೆ. ಮನೆಗೊಂದು ಚಿತ್ರ ಅನ್ನುವ ಆ ಸಂತೆಯ ಆಸೆ ನನಗೆ ತುಂಬಾ ಇಷ್ಟ.

ಆದರೆ ಒಂದು ಕೆಲಸವನ್ನು ನಾನು ಗೋಡೆಗೂ ಸಂತೆಗೂ ಒಯ್ದಿಲ್ಲ. ಅದು ಎದುರಿನ ಗುಡ್ಡದ ಚಿತ್ರಗಳು. 2018ರ ಆಗಸ್ಟಿನಲ್ಲಿ ಈ ಭಾಗದ ಬೆಟ್ಟಗಳು ಜಾರಿದ್ದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಅಂತ ಊರಿನ ಹೆಸರು ಹೇಳಿದರೆ ಸಾಕು. ಮೊದಲ ಚಳಿಗಾಲದಲ್ಲಿ ಆ ಗುಡ್ಡದ ಮೈಯಲ್ಲಿ ಮೇಲಿಂದ ಕೆಳಗಿನ ತನಕ ಕೆಂಪು ಮಣ್ಣು ಇತ್ತು. ಆಮೇಲೆ ಹುಲ್ಲು ಬಂತು, ಲಂಟಾನ ಬಂತು, ಎಳೆ ಮರ ಬಂತು. ಮಳೆಗಾಲದಲ್ಲಿ ಈಗ ನೋಡಿದರೆ ಎಲ್ಲ ಹಸಿರು, ಏನೂ ಆಗಿಲ್ಲ ಅನ್ನಿಸುತ್ತದೆ. ಜನವರಿಯ ಬೆಳಿಗ್ಗೆ ಮಾತ್ರ ಓರೆ ಬಿಸಿಲು ಬಿದ್ದಾಗ ಜಾರಿದ ಜಾಗದ ಅಂಚು ಎದ್ದು ಕಾಣುತ್ತದೆ. ಒಂದು ಬದಿಯ ನೆಲ ಎತ್ತರ, ಇನ್ನೊಂದು ಬದಿ ತಗ್ಗು. ನಡುವೆ ತೆಳ್ಳಗಿನ ನೀಲಿ ನೆರಳು. ಆ ಗೆರೆಯನ್ನೇ ಚಳಿಗಾಲದಿಂದ ಚಳಿಗಾಲಕ್ಕೆ ಬಿಡಿಸುತ್ತಾ ಬಂದಿದ್ದೇನೆ.

ಇನ್ನೂ ಸ್ವಲ್ಪ ಜೋರಾಗಿ

ಆ ಚಿತ್ರಗಳನ್ನು ಬೆಂಗಳೂರಿನ ಒಂದು ಗ್ಯಾಲರಿಗೆ ಕಳಿಸಿದ್ದೆ. ನಿಮ್ಮ ಕೈ ಚೆನ್ನಾಗಿದೆ, ಆದರೆ ಈ ಸಲದ ನಮ್ಮ ಆಯ್ಕೆಗೆ ಹೊಂದುವುದಿಲ್ಲ ಅಂತ ಉತ್ತರ ಬಂತು. ಬೇರೆ ಒಂದು ಕಡೆಯವರು ಫೋನಿನಲ್ಲೇ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. "ಭೂಕುಸಿತ ಅಂತ ಬರೆದಿದ್ದೀರಿ, ಅದು ಎಲ್ಲಿ ಕಾಣ್ತಾ ಇದೆ ಮೇಡಂ? ಇನ್ನೂ ಸ್ವಲ್ಪ ಜೋರಾಗಿ ಬರಬೇಕಿತ್ತು" ಅಂದರು. ಲ್ಯಾಂಡ್‌ಸ್ಕೇಪ್ ಈಗ ಹಳೆಯದಾಯಿತು ಅನ್ನುವ ಮಾತೂ ನಡುವೆ ಬಂತು.

ಹಳೆಯದು ಅನ್ನುವ ಮಾತು ನನಗೆ ಅಷ್ಟು ತಾಗಲಿಲ್ಲ. ನಮ್ಮ ನಾಡಿನ ಚಿತ್ರಗಾರ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು. 1926ರಲ್ಲಿ ಊಟಿಯ ಮೋಡ, ಬೆಟ್ಟ, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟದಿಂದ, ರಾಜಕಾರಣದಿಂದ ಚಿತ್ರಕ್ಕೆ ಬಂದು ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ನಿಂತು ಬಿಡಿಸಿದರು. ಅವರು ಬಿಡಿಸಿದ ಬೆಂಗಳೂರನ್ನು ಈಗ ಹುಡುಕಬೇಕು. ಒಂದು ಜಾಗವನ್ನು ಕಣ್ಣಿಟ್ಟು ನೋಡುವುದು ಹಳೆಯದಾಗುತ್ತದೆ ಅಂತ ನಾನು ಒಪ್ಪುವುದಿಲ್ಲ. ನೋಡಿದ ಜಾಗವೇ ಹೋಗಿಬಿಡುತ್ತದೆ, ಅದು ಬೇರೆ ವಿಷಯ.

"ಇನ್ನೂ ಜೋರಾಗಿ" ಅನ್ನುವುದು ಮಾತ್ರ ಕಣ್ಣಿನೊಳಗೆ ಹೊಕ್ಕಿತು. ಮರುದಿನ ತಿರುವಿನಲ್ಲಿ ನಿಂತಾಗ ನನ್ನ ಕಣ್ಣು ಕೆಂಪು ಹುಡುಕುತ್ತಿತ್ತು. ಗುಡ್ಡದಲ್ಲಿ ಕೆಂಪು ಉಳಿದಿರುವುದು ಒಂದೆರಡು ಕಡೆ, ಅದೂ ರಸ್ತೆ ಕಡಿದ ಜಾಗದಲ್ಲಿ. ಹುಲ್ಲು ಬಂದ ಜಾಗದಲ್ಲಿ ಕೆಂಪು ಹಾಕಿದರೆ ಚಿತ್ರ ಜೋರಾಗುತ್ತದೆ, ಖಂಡಿತ. ಆದರೆ ಆ ಹುಲ್ಲು ಇಷ್ಟು ವರ್ಷ ಕಷ್ಟಪಟ್ಟು ಬಂದದ್ದು. ಅದು ಬಂದಿಲ್ಲ ಅಂತ ನಾನು ಹೇಗೆ ಬಿಡಿಸಲಿ? ಅಲ್ಲಿ ಮನೆ, ತೋಟ ಕಳೆದುಕೊಂಡವರು ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಾರೆ.

ಇಂಥ ಹೊತ್ತಿನಲ್ಲಿ ಗೆಳೆಯರು ಸಮಾಧಾನಕ್ಕೆ ಪ್ಯಾರಿಸ್ಸಿನ ಕತೆ ಹೇಳುತ್ತಾರೆ. 1863ರಲ್ಲಿ ಅಲ್ಲಿನ ಸಲೋನ್ ಅನ್ನುವ ದೊಡ್ಡ ಕಲಾ ಪ್ರದರ್ಶನದ ತೀರ್ಪುಗಾರರು ಸಾವಿರಾರು ಚಿತ್ರಗಳನ್ನು ಹಿಂದಕ್ಕೆ ಕಳಿಸಿದರು. ಗಲಾಟೆ ಆಯಿತು. ಮೂರನೇ ನೆಪೋಲಿಯನ್ ಚಕ್ರವರ್ತಿ ಅವನ್ನೂ ಬೇರೆ ಕೋಣೆಗಳಲ್ಲಿ ತೂಗುಹಾಕಿ, ಜನರೇ ನೋಡಿ ಹೇಳಲಿ ಅಂದ. ಮುಂದೆ ದೊಡ್ಡ ಹೆಸರು ಮಾಡಿದ ಎದುವಾರ್ ಮಾನೆ, ಪಿಸಾರೊ, ಸೆಜಾನ್, ವಿಸ್ಲರ್ ಎಲ್ಲ ಆ ಸಾಲಿನಲ್ಲಿದ್ದರು. ಕತೆ ನಿಜ. ಆದರೆ ನನಗೆ ಅದರಿಂದ ಸಮಾಧಾನ ಸಿಗುವುದಿಲ್ಲ. ಆ ಗೋಡೆಗಳ ಮೇಲೆ ಇನ್ನೂ ನೂರಾರು ಜನರ ಚಿತ್ರ ಇತ್ತಲ್ವಾ? ಅವರ ಹೆಸರು ಯಾರೂ ಹೇಳುವುದಿಲ್ಲ. ಅವರೂ ಬೆಳಿಗ್ಗೆ ಎದ್ದು ಬಣ್ಣ ಕಲಸಿದವರೇ, ಅವರಿಗೂ ಬೇಡ ಅಂದಾಗ ನೋವಾಗಿರುತ್ತದೆ. ಮುಂದೊಂದು ದಿನ ನಾನು ಮಾನೆ ಆಗುತ್ತೇನೆ ಅಂದುಕೊಂಡರೆ ಮಾತ್ರ ಈ ಕತೆ ಕೆಲಸ ಮಾಡುತ್ತದೆ. ನನಗೆ ಬೇಕಾಗಿರುವುದು ನಾಳೆ ಬೆಳಿಗ್ಗೆ ಏಳೂವರೆಗೆ ಗುಡ್ಡದ ಎದುರು ನಿಲ್ಲಲು ಒಂದು ದಾರಿ.

ಅಪ್ಪ ಹೇಳಿದ ಮಾತು ಇದಕ್ಕಿಂತ ಹತ್ತಿರ ಬಂತು. ಅವರ ಜೊತೆ ಸೋಮವಾರಪೇಟೆಗೆ ಕಾಫಿ ಮಾರಲು ಹೋಗಿದ್ದೆ. ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಚೆರಿ, ಅಂದರೆ ಒಣಗಿದ ಕಾಫಿ ಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ತೂಗಿ ಔಟ್‌ಟರ್ನ್ ಹೇಳುತ್ತಾರೆ. 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಒಳ್ಳೆಯ ಬೀಜ ಬರುತ್ತದೆ ಅನ್ನುವ ಲೆಕ್ಕ ಅದು. 28 ಬಂದರೆ ಒಂದು ರೇಟು, 26 ಬಂದರೆ ಇನ್ನೊಂದು. ಆ ಸಲ ಕಡಿಮೆ ಬಂತು. ಅಪ್ಪ ಸುಮ್ನೆ ಚೀಟಿ ತಗೊಂಡು ಹೊರಗೆ ಬಂದರು. ನನ್ನ ಅರ್ಜಿಯ ವಿಷಯ ಅವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು: "ಅವರು ಚೀಲ ನೋಡಿ ರೇಟು ಕಟ್ಟಿದ್ರು. ತೋಟ ನೋಡಿಲ್ಲ. ನಾಳೆ ನಾನು ಹೋಗೋದು ತೋಟಕ್ಕೆ." ಈ ಮಾತನ್ನು ತುಂಬಾ ದಿನ ಇಟ್ಟುಕೊಂಡು ಯೋಚಿಸಿದೆ. ಮುಕ್ಕಾಲು ಪಾಲು ಸರಿ ಅನ್ನಿಸಿತು. ಉಳಿದ ಕಾಲು ಪಾಲಿನಲ್ಲಿ ಒಂದು ವ್ಯತ್ಯಾಸ ಇದೆ. ಅಪ್ಪನ ಕೈಯಲ್ಲಿ ಚೀಟಿ ಇತ್ತು. ಇಷ್ಟು ಕರಿ ಬೀಜ, ಇಷ್ಟು ಬೋರರ್ ಹುಳು ಕೊರೆದದ್ದು ಅಂತ ವ್ಯಾಪಾರಿ ಬೊಟ್ಟು ಮಾಡಿ ತೋರಿಸಿದ್ದರು. ಅಪ್ಪನಿಗೆ ತೋಟದಲ್ಲಿ ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು "ಹೊಂದುವುದಿಲ್ಲ". ಅದನ್ನು ಹಿಡಿದು ನಾನು ಎಲ್ಲಿಗೆ ಹೋಗಲಿ?

ಹಲಸಿನ ಮರ

ಜನವರಿಯ ಒಂದು ಬೆಳಿಗ್ಗೆ ತಿರುವಿನಲ್ಲಿ ಬಿಡಿಸುತ್ತಾ ಇದ್ದಾಗ ಒಬ್ಬ ಅಜ್ಜಿ ಬಂದು ಹಿಂದೆ ನಿಂತರು. ಭೂಕುಸಿತದಲ್ಲಿ ಮನೆ ಹೋದ ಮೇಲೆ, ಅಂಥವರಿಗಾಗಿ ಜಂಬೂರಿನಲ್ಲಿ ಕಟ್ಟಿದ ಹೊಸ ಮನೆಗಳಲ್ಲಿ ಇರುವವರು. ಉಳಿದಿರುವ ಸ್ವಲ್ಪ ಕಾಫಿ ಕೊಯ್ಯಲು ಈ ಕಡೆ ಬರುತ್ತಾರೆ. ಸೊಂಟಕ್ಕೆ ಚೀಲ ಕಟ್ಟಿಕೊಂಡೇ ಇದ್ದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬೋರ್ಡಿನ ಹತ್ತಿರ ಬೆರಳು ತಂದು ಕೇಳಿದರು.

"ಇಲ್ಲೊಂದು ಹಲಸಿನ ಮರ ಇತ್ತಲ್ಲ, ಅದೆಲ್ಲಿ?"

"ಈಗ ಇಲ್ಲವಲ್ಲ ಅಜ್ಜಿ."

"ಈಗ ಇಲ್ಲ ಅಂತ ನಂಗೊತ್ತಿಲ್ವಾ? ನೀನು ನಮ್ಮ ಜಾಗ ಬಿಡಿಸ್ತಾ ಇದ್ದೀಯ. ಮರ ಬಿಟ್ಟರೆ ಅದು ನಮ್ಮ ಜಾಗ ಅಂತ ಹೆಂಗೆ ಗೊತ್ತಾಗ್ಬೇಕು? ಹಾಕು ಕಣೇ."

ಅಜ್ಜಿಗೂ ನನ್ನ ಚಿತ್ರ ಸಾಕಾಗಲಿಲ್ಲ. ಆದರೆ ಅವರು ಕಾಗದದ ಮೇಲೆ ಜಾಗ ತೋರಿಸಿದರು. ನಾನು ಅಲ್ಲೇ ಕೂತು ಕೇಳಿದೆ. ಮರ ಎಷ್ಟು ಎತ್ತರ ಇತ್ತು? ಅದು ಅವರಿಗೆ ಗೊತ್ತಿಲ್ಲ. ನೆರಳು ಗೊತ್ತಿತ್ತು. ಈ ತಿಂಗಳಲ್ಲಿ ದನ ಬಿಡೋ ಹೊತ್ತಿಗೆ ಮರದ ನೆರಳು ಕೊಟ್ಟಿಗೆ ಬಾಗಿಲಿಗೆ ಬರುತ್ತಿತ್ತಂತೆ. ದನ ಬಿಡುವುದು ಎಂಟೂವರೆಗೆ. ಬುಡದಿಂದ ಬಾಗಿಲಿಗೆ ಅವರ ಲೆಕ್ಕದಲ್ಲಿ ನಲವತ್ತು ಹೆಜ್ಜೆ. ಮರುದಿನ ಎಂಟೂವರೆಗೆ ನಮ್ಮ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು ನೆರಳು ಅಳೆದೆ. ಎರಡೂವರೆ ಮೀಟರ್ ದಾಟಿತ್ತು. ಜನವರಿ ನಡುವಿನಲ್ಲಿ ಆ ಹೊತ್ತಿಗೆ ಸೂರ್ಯ ಇಪ್ಪತ್ತೊಂದು ಡಿಗ್ರಿಯಷ್ಟೇ ಮೇಲಿರುತ್ತಾನೆ. ಅಜ್ಜಿಯ ಹೆಜ್ಜೆ ಎರಡು ಅಡಿ ಅಂತ ಹಿಡಿದರೆ ನೆರಳು ಎಂಬತ್ತು ಅಡಿ, ಮರ ಮೂವತ್ತು ಅಡಿಯ ಆಸುಪಾಸು. ನೆಲ ಇಳಿಜಾರು, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಬೆಳಗಿನ ಸೂರ್ಯ ಆಗ್ನೇಯಕ್ಕೆ ಇರುವುದರಿಂದ ನೆರಳು ವಾಯವ್ಯಕ್ಕೆ. ಹಾಗಾದರೆ ಕೊಟ್ಟಿಗೆ ಎಲ್ಲಿತ್ತು ಅಂತಲೂ ತಿಳಿಯಿತು. ಕಣ್ಣಿಗೆ ಕಾಣದ ಮರವೊಂದಕ್ಕೆ ಬೆಳಕೇ ಅಳತೆ ಕೊಟ್ಟಿತು. ಆ ಬೆಳಿಗ್ಗೆ ನನಗಾದ ಖುಷಿ ಯಾವ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಾಗಲೂ ಆಗಿಲ್ಲ.

ಬೇರೆ ಹಾಳೆಯಲ್ಲಿ ಮನೆ, ಕೊಟ್ಟಿಗೆ, ಮರ ಬಿಡಿಸಿ ಜಂಬೂರಿಗೆ ಒಯ್ದೆ. ಅಜ್ಜಿ ಕಿಟಕಿಯ ಹತ್ತಿರ ಹಿಡಿದು ನೋಡಿದರು. ಎತ್ತರ ಸರಿ ಇದೆ ಅಂದರು. ಕೊಂಬೆ ಸರಿ ಇಲ್ಲ. "ಇನ್ನೂ ಕೆಳಗಿಂದ್ಲೇ ಒಡೆದಿತ್ತು, ಮಕ್ಕಳು ಹತ್ತುತ್ತಿದ್ರು." ವಾಪಸ್ ತಂದು ಹೊಸ ಹಾಳೆಯಲ್ಲಿ ಮತ್ತೆ ಬಿಡಿಸಿದೆ. ಒಂದಿಷ್ಟೂ ಬೇಜಾರಾಗಲಿಲ್ಲ.

ಯಾಕೆ ಬೇಜಾರಾಗಲಿಲ್ಲ ಅಂತ ಯೋಚಿಸಿದಾಗಲೇ ನನ್ನ ತೊಂದರೆ ನನಗೆ ಅರ್ಥವಾಗಿದ್ದು. ಅಜ್ಜಿಯ "ಸರಿ ಇಲ್ಲ" ನನ್ನನ್ನು ಕೊಂಬೆಯ ಹತ್ತಿರ ಕರೆದುಕೊಂಡು ಹೋಯಿತು. ವ್ಯಾಪಾರಿಯ ಚೀಟಿ ಅಪ್ಪನನ್ನು ಹುಳು ಬಿದ್ದ ಗಿಡದ ಹತ್ತಿರ ಕಳಿಸಿತು. "ಇನ್ನೂ ಜೋರಾಗಿ" ಅನ್ನುವ ಮಾತು ಗುಡ್ಡದಿಂದ ನನ್ನ ಕಣ್ಣು ತೆಗೆಸಿ ಹೇಳಿದವರ ಮುಖದ ಕಡೆ ತಿರುಗಿಸಿತು. ಈಗ ಬೇಡ ಅನ್ನುವ ಯಾವ ಉತ್ತರ ಬಂದರೂ ಒಂದನ್ನೇ ಕೇಳಿಕೊಳ್ಳುತ್ತೇನೆ: ಇದು ಹಾಳೆಯಲ್ಲಿ ಯಾವ ಜಾಗ ತೋರಿಸುತ್ತದೆ? ತೋರಿಸಿದರೆ ಆ ಚಿತ್ರದ ಹಿಂದೆಯೇ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಮುಂದಿನ ಜನವರಿಗೆ ಅದು ಬೇಕು. ತೋರಿಸದಿದ್ದರೆ ಫೈಲಿಗೆ ಹಾಕುತ್ತೇನೆ, ಬಾಡಿಗೆ ಚೀಟಿ, ಕೊರಿಯರ್ ರಸೀದಿಗಳ ಜೊತೆಗೆ. ನೋವು ಇದರಿಂದ ಪೂರ್ತಿ ಹೋಗುವುದಿಲ್ಲ. ಕಣ್ಣು ಮಾತ್ರ ನನ್ನದಾಗಿ ಉಳಿಯುತ್ತದೆ.

ಈ ಸಲದ ಅರ್ಜಿಗೂ ಅದೇ ಗುಡ್ಡದ ಚಿತ್ರಗಳನ್ನೇ ಆರಿಸಿದ್ದೇನೆ. ಪ್ರತಿಯೊಂದರ ಕೆಳಗೆ ತಿಂಗಳು, ಗಂಟೆ, ನಾನು ನಿಂತ ಜಾಗ ಬರೆದಿದ್ದೇನೆ. ಬೇಡ ಅಂದರೆ ಯಾವ ಚಿತ್ರ, ಯಾಕೆ ಅಂತ ಒಂದು ಸಾಲು ತಿಳಿಸಿ ಅಂತಲೂ ಕೇಳಿದ್ದೇನೆ. ಆಯ್ಕೆ ಮಾಡುವ ಕಡೆ ಕೂತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಒಂದು ಸಾಲು ಬರೆಯಿರಿ. ರಾಶಿ ಅರ್ಜಿ ಬಂದಿರುತ್ತದೆ, ಹೊತ್ತು ಇರುವುದಿಲ್ಲ, ಗೊತ್ತು. ಶಾಲಾ ಮಕ್ಕಳ ಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪು ಕೊಡಲು ಕರೆದಾಗ ನಾನೂ ರಾತ್ರಿ ಹನ್ನೊಂದರ ತನಕ ಕೂತು ಪ್ರತಿ ಹಾಳೆಯ ಹಿಂದೆ ಒಂದೊಂದು ಸಾಲು ಬರೆದೆ. ಒಬ್ಬ ಹುಡುಗ ಆನೆ ಬಿಡಿಸಿದ್ದ. "ಕಾಲು ತುಂಬಾ ಚೆನ್ನಾಗಿದೆ. ಅದು ನಿಂತಿರುವ ನೆಲ ಎಲ್ಲಿ?" ಅಂತ ಬರೆದಿದ್ದೆ. ಅವನಿಗೆ ಬಹುಮಾನ ಬರಲಿಲ್ಲ. ಮುಂದಿನ ವಾರ ಕ್ಲಾಸಿಗೆ ಅದೇ ಹಾಳೆ ತಂದ. ಆನೆಯ ಕೆಳಗೆ ಗದ್ದೆ ಬಂದಿತ್ತು, ಗದ್ದೆಯಲ್ಲಿ ತುಳಿದ ಭತ್ತ ಬಂದಿತ್ತು, ಮೂಲೆಯಲ್ಲಿ ಪಟಾಕಿ ಹಿಡಿದು ನಿಂತ ಅವನ ಅಪ್ಪನೂ ಬಂದಿದ್ದರು.